ಹುಳದ ಹೆಸರನ್ನು ಬಾಲದಿಂದ ಓದಬೇಕು

2018ರಲ್ಲಿ ಶಿವಮೊಗ್ಗ ಭಾಗದ ಮುಸುಕಿನ ಜೋಳದಲ್ಲಿ ಸಿಕ್ಕಿಬಿದ್ದು, ತಾನು ಭಾರತಕ್ಕೆ ಬಂದಾಗಿದೆ ಎಂದು ಮೊದಲ ಸಲ ತೋರಿಸಿಕೊಂಡ ಹುಳಕ್ಕೆ ಈಗ ಮೂರು ಹೆಸರು ಚಾಲ್ತಿಯಲ್ಲಿವೆ. ರೈತರ ಬಾಯಲ್ಲಿ ಅದು ಲದ್ದಿಹುಳು. ಸುಳಿಯೊಳಗೆ ಕೂತು ತಿಂದು ಅಲ್ಲೇ ಒದ್ದೆ ಲದ್ದಿ ತುಂಬಿಡುತ್ತದಲ್ಲ, ಅದಕ್ಕೆ. ಇಲಾಖೆಯ ಕರಪತ್ರದಲ್ಲಿ ಅದು ಫಾಲ್ ಸೈನಿಕ ಹುಳು. ಇಲ್ಲಿ ‘ಫಾಲ್’ ಅಂದರೆ ಬೀಳುವುದಲ್ಲ, ಅಮೆರಿಕದವರ ಶರತ್ಕಾಲ. ಮುಂಗಾರಿನ ಎಳೆ ಪೈರನ್ನೇ ಹೊಡೆಯುವ ಹುಳಕ್ಕೆ ನಮ್ಮಲ್ಲಿ ಆ ಮಾತು ಹೊಂದುವುದೇ ಇಲ್ಲ. ಮೂರನೆಯದು ಸ್ಪೊಡಾಪ್ಟೆರಾ ಫ್ರುಜಿಪರ್ಡಾ, 1797ರಷ್ಟು ಹಳೆಯ ಹೆಸರು. ‘ಫ್ರುಗ್’ ಅಂದರೆ ಲ್ಯಾಟಿನ್‌ನಲ್ಲಿ ಫಸಲು, ‘ಪೆರ್ದೆರೆ’ ಅಂದರೆ ಹಾಳುಮಾಡು. ನಾವು ಮನೆಹಾಳ ಅನ್ನುತ್ತೇವಲ್ಲ, ಇದು ಬೆಳೆಹಾಳ. ಮೊದಲ ಪದ ಪೂರ್ತಿ ಗ್ರೀಕ್: ‘ಸ್ಪೊಡೊಸ್’ ಬೂದಿ, ‘ಪ್ಟೆರಾನ್’ ರೆಕ್ಕೆ. ಬೂದಿ ಬಣ್ಣದ ಪತಂಗ ಎಂದಷ್ಟೇ ಅದರ ಅರ್ಥ.

ಹೊಲದಲ್ಲಿ ಈ ಹುಳವನ್ನು ಗುರುತಿಸುವುದಕ್ಕೆ ಈ ಅರ್ಥ ಯಾವುದೂ ಬೇಕಾಗುವುದಿಲ್ಲ, ನಿಜ. ತಲೆಯ ಮೇಲೆ ತಲೆಕೆಳಗಾದ ವೈ ಆಕಾರದ ಬಿಳಿ ಗೆರೆ, ಬಾಲದ ಕಡೆಯಿಂದ ಎರಡನೆಯ ಉಂಗುರದಲ್ಲಿ ಚೌಕಾಕಾರದ ನಾಲ್ಕು ಕಪ್ಪು ಚುಕ್ಕಿ ಕಂಡರೆ ಸಾಕು. ಆದರೆ ಔಷಧಿ ಡಬ್ಬದ ಮೇಲೆ, ಪರೀಕ್ಷೆಯ ಹಾಳೆಯಲ್ಲಿ, ಸಂಶೋಧನಾ ವರದಿಯಲ್ಲಿ ಇಂಥ ಹೆಸರುಗಳು ಸಾಲುಗಟ್ಟಿ ಬಂದಾಗ ಕೃಷಿ ಓದುವ ಹುಡುಗರು ಅವನ್ನು ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಅಷ್ಟು ಕಷ್ಟ ಬೇಡ. ಎರಡನೆಯ ಪದದ ಕೊನೆಯ ಒಂದೆರಡು ಅಕ್ಷರ ಹಿಡಿದರೆ ಹೆಸರು ತಾನಾಗಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡದ್ದನ್ನೆಲ್ಲ ನಂಬಬೇಕೆಂದಿಲ್ಲ, ಆ ಮಾತು ಆಮೇಲೆ.

‘ಇನ್‌ಸೆಕ್ಟ್’ ಎಂಬ ಪದದಿಂದಲೇ ಶುರುಮಾಡೋಣ. ಲ್ಯಾಟಿನ್‌ನ ‘ಇನ್‌ಸೆಕ್ಟುಮ್’ ಅಂದರೆ ಒಳಕ್ಕೆ ಕೊಯ್ದದ್ದು. ಕಣಜದ ಸೊಂಟ ನೋಡಿದರೆ ಯಾಕೆ ಎಂದು ಕೇಳಬೇಕಾಗಿಲ್ಲ. ಈ ಪದ ರೋಮನರ ಸ್ವಂತ ಯೋಚನೆಯೂ ಅಲ್ಲ. ಅರಿಸ್ಟಾಟಲ್ ಇದೇ ಅರ್ಥದಲ್ಲಿ ‘ಎಂಟೊಮಾ’ ಅಂದಿದ್ದ, ರೋಮನ್ ಲೇಖಕ ಪ್ಲಿನಿ ತನ್ನ ನಿಸರ್ಗ ಚರಿತ್ರೆಯ ಹನ್ನೊಂದನೆಯ ಪುಸ್ತಕದಲ್ಲಿ ಹುಳಗಳ ವಿಷಯ ಬರೆಯುವಾಗ ಅದನ್ನೇ ಲ್ಯಾಟಿನ್‌ಗೆ ಇಳಿಸಿಕೊಂಡ. ಕೀಟಶಾಸ್ತ್ರಕ್ಕೆ ಗ್ರೀಕಿನ ‘ಎಂಟೊಮಾಲಜಿ’, ಕೀಟಕ್ಕೆ ಲ್ಯಾಟಿನ್‌ನ ‘ಇನ್‌ಸೆಕ್ಟ್’ ಎಂದು ಎರಡೂ ಉಳಿದುಕೊಂಡದ್ದು ಹಾಗೆ. ನಾವು ‘ಲ್ಯಾಟಿನ್ ಹೆಸರು’ ಎಂದು ಕರೆಯುವುದರಲ್ಲಿ ಅರ್ಧಕ್ಕರ್ಧ ಗ್ರೀಕೇ ಇರುತ್ತದೆ. ಗಣಗಳ ಹೆಸರುಗಳಾದ ಕೋಲಿಯಾಪ್ಟೆರಾ (ಒರೆಯಂಥ ರೆಕ್ಕೆ, ದುಂಬಿಗಳು), ಡಿಪ್ಟೆರಾ (ಎರಡು ರೆಕ್ಕೆ, ನೊಣ ಸೊಳ್ಳೆಗಳು), ಲೆಪಿಡಾಪ್ಟೆರಾ (ಹುರುಪೆ ರೆಕ್ಕೆ, ಚಿಟ್ಟೆ ಪತಂಗಗಳು) ಎಲ್ಲವೂ ಗ್ರೀಕ್. ಈ ‘ಪ್ಟೆರಾನ್’ ನಮಗೆ ತೀರ ಹೊರಗಿನದಲ್ಲ. ಸಂಸ್ಕೃತದಲ್ಲಿ ಹಾರು ಎಂಬ ಅರ್ಥದ ‘ಪತ್’ ಧಾತುವಿಗೂ ಇದಕ್ಕೂ ಬೇರು ಒಂದೇ. ಪತಂಗ ಎನ್ನುವಾಗ ನಾವು ಅದೇ ಬೇರನ್ನು ಮುಟ್ಟುತ್ತಿರುತ್ತೇವೆ.

ಹಾಗೆಂದು ಕಿವಿಗೆ ಒಂದೇ ಥರ ಕೇಳಿದ್ದೆಲ್ಲ ನೆಂಟರಲ್ಲ. ನೊಣಕ್ಕೆ ಲ್ಯಾಟಿನ್‌ನಲ್ಲಿ ‘ಮುಸ್ಕಾ’, ಸಂಸ್ಕೃತದಲ್ಲಿ ‘ಮಕ್ಷಿಕಾ’. ಎರಡೂ ಒಂದೇ ಎಂದು ವಾಟ್ಸ್‌ಆ್ಯಪ್ ಪಂಡಿತರು ಬರೆಯುವುದುಂಟು, ಆದರೆ ಬೇರುಗಳು ಬೇರೆ ಬೇರೆ. ಇರುವೆಯದು ತದ್ವಿರುದ್ಧ ಕಥೆ. ಲ್ಯಾಟಿನ್‌ನ ‘ಫೋರ್ಮೀಕಾ’, ಗ್ರೀಕಿನ ‘ಮೈರ್ಮೆಕ್ಸ್’, ಸಂಸ್ಕೃತದ ‘ವಮ್ರ’ ಕೇಳಲು ಎಲ್ಲಿಯವೋ ಎಲ್ಲಿಯವೋ, ಭಾಷಾವಿಜ್ಞಾನಿಗಳು ಮಾತ್ರ ಮೂರನ್ನೂ ಒಂದೇ ಮನೆಗೆ ಸೇರಿಸುತ್ತಾರೆ.

ಹುಳದ ಹೆಸರಿನಲ್ಲಿ ಎರಡು ಪದ. ಮೊದಲನೆಯದು ಕುಲ, ಎರಡನೆಯದು ಪ್ರಭೇದ. ರೋಮನ್ ಲಿಪಿಯಲ್ಲಿ ಕುಲಕ್ಕೆ ದೊಡ್ಡಕ್ಷರ, ಪ್ರಭೇದಕ್ಕೆ ಊರಿನ ಹೆಸರಿದ್ದರೂ ಚಿಕ್ಕಕ್ಷರ, ಎರಡೂ ಓರೆಯಾಗಿ. ಸ್ವೀಡನ್ನಿನ ನಿಸರ್ಗಶಾಸ್ತ್ರಜ್ಞ ಲಿನೇಯಸ್ ತನ್ನ ‘ಸಿಸ್ಟೆಮಾ ನಾಟುರೇ’ ಪುಸ್ತಕಕ್ಕೆ 1758ರಲ್ಲಿ ತಂದ ಹತ್ತನೆಯ ಆವೃತ್ತಿಯ ಪಟ್ಟಿಯಿಂದಲೇ ಪ್ರಾಣಿಗಳ ಹೆಸರಿನ ಲೆಕ್ಕ ಶುರು, ಅದಕ್ಕೂ ಹಿಂದಿನವು ಜಮೆಯಾಗುವುದಿಲ್ಲ. ನಮ್ಮ ಕಡೆಯ ಹುಳಗಳ ಹೆಸರಿನ ಮುಂದೆ ಲಿನೇಯಸ್‌ನ ಜೊತೆಜೊತೆಗೇ ಕಾಣುವುದು ಅವನ ಶಿಷ್ಯ, ಡೆನ್ಮಾರ್ಕಿನ ಫೆಬ್ರೀಷಿಯಸ್‌ನ ಹೆಸರು. ಹೆಜ್ಜೇನು, ಕೋಲುಜೇನು, ತುಡುವೆ ಮೂರಕ್ಕೂ ಹೆಸರಿಟ್ಟವನು ಅವನೇ. ಅವನೇನೂ ಈ ಕಡೆಗೆ ಬಂದವನಲ್ಲ. ತಮಿಳುನಾಡಿನ ತರಂಗಂಬಾಡಿ ಆಗ ಡೇನರ ವಸಾಹತು, ಅಲ್ಲಿದ್ದ ಕೋನಿಗ್ ಎಂಬ ವೈದ್ಯನಂಥವರು ದಕ್ಷಿಣ ಭಾರತದ ಹುಳಗಳನ್ನು ಯುರೋಪಿಗೆ ಕಳಿಸುತ್ತಿದ್ದರು.

ಈಗ ಬಾಲಕ್ಕೆ ಬರೋಣ. ಲ್ಯಾಟಿನ್ ಕೂಡ ಕನ್ನಡದ ಹಾಗೆ ವಿಭಕ್ತಿಯ ಭಾಷೆ, ಸಂಬಂಧವನ್ನು ಪದದ ಕೊನೆಗೆ ಅಂಟಿಸುತ್ತದೆ. ‘ಮರ, ಮರದ’ ಎಂದು ಷಷ್ಠಿ ವಿಭಕ್ತಿ ಕಲಿತವರಿಗೆ ಇದು ಸಲೀಸು. ಬಾಂಬಿಕ್ಸ್ ಮೋರಿ ಎಂಬಲ್ಲಿ ‘ಮೋರುಸ್’ ಹಿಪ್ಪುನೇರಳೆ, ‘ಮೋರಿ’ ಹಿಪ್ಪುನೇರಳೆಯ. ಹಿಪ್ಪುನೇರಳೆಯ ರೇಷ್ಮೆಹುಳು. ಭತ್ತ ‘ಒರೈಜಾ’ ಆದರೆ ‘ಒರೈಜೀ’ ಭತ್ತದ. ಅಕ್ಕಿ ಮೂಟೆಯಲ್ಲಿ ಸಿಗುವ ಸೊಂಡಿಲ ಹುಳ ಸೈಟೋಫೈಲಸ್ ಒರೈಜೀ, ಗದ್ದೆಯಲ್ಲಿ ಕಣೆ ಎಬ್ಬಿಸುವ ನೊಣ ಒರ್ಸಿಯೋಲಿಯಾ ಒರೈಜೀ. ಹತ್ತಿಯ ಹೇನು ಏಫಿಸ್ ಗಾಸಿಪಿಯೈ. ಬಾಲ ನೋಡಿದರೆ ಸಾಕು, ಯಾವ ಬೆಳೆಯ ಮೇಲೆ ಹುಡುಕಬೇಕೆಂದು ಗೊತ್ತಾಗುತ್ತದೆ.

ಇದು ಬೆಳೆಗಷ್ಟೇ ಅಲ್ಲ. ರೇಷ್ಮೆ ಸಾಕುವವರ ವೈರಿ ಊಜಿ ನೊಣದ ಹೆಸರು ಎಕ್ಸೊರಿಸ್ಟಾ ಬಾಂಬಿಸಿಸ್. ‘ಬಾಂಬಿಕ್ಸ್’ ಷಷ್ಠಿಯಲ್ಲಿ ‘ಬಾಂಬಿಸಿಸ್’ ಆಗುತ್ತದೆ: ರೇಷ್ಮೆಹುಳದ. 1980ರಲ್ಲಿ ಕರ್ನಾಟಕಕ್ಕೆ ನುಸುಳಿದ ಈ ನೊಣ ಹುಳದ ಮೈಮೇಲೆ ಕೆನೆಬಣ್ಣದ ಮೊಟ್ಟೆ ಅಂಟಿಸುತ್ತದೆ, ಮರಿ ಒಡೆದು ಒಳಹೊಕ್ಕ ಜಾಗದಲ್ಲಿ ಕಪ್ಪು ಮಚ್ಚೆ ಏಳುತ್ತದೆ. ಮಚ್ಚೆ ಎದ್ದ ಮೇಲೆ ಆ ಹುಳವನ್ನು ಉಳಿಸಲಾಗದು. ಹಾಗಾಗಿಯೇ ಸಾಕಣೆ ಮನೆಗಳ ಕಿಟಕಿ ಬಾಗಿಲಿಗೆ ನೈಲಾನ್ ಪರದೆ. ‘ಊಜಿ’ ಅನ್ನುವುದು ಲ್ಯಾಟಿನ್ನೂ ಅಲ್ಲ ಕನ್ನಡವೂ ಅಲ್ಲ, ಹುಳುಮರಿಗೆ ಜಪಾನಿನವರ ಮಾತು.

ಮನುಷ್ಯರ ಹೆಸರೂ ಇದೇ ಷಷ್ಠಿಯಲ್ಲಿ ಕೂರುತ್ತದೆ. ರೋಮನ್ ಲಿಪಿಯಲ್ಲಿ ಗಂಡಸಾದರೆ ಕೊನೆಗೆ ‘i’, ಹೆಂಗಸಾದರೆ ‘ae’. ಕಾಫಿ ಕಾಯಿಕೊರಕದ ಹೈಪೊಥೆನಿಮಸ್ ಹ್ಯಾಂಪೆಯಿ ಎಂಬ ಹೆಸರು ಕೇಳಿ ವಿಜಯನಗರದ ಕಡೆ ತಿರುಗಬೇಡಿ. ಅದು ಹಾಂಪೆ ಎಂಬ ಯುರೋಪಿನ ಕೀಟಸಂಗ್ರಾಹಕ.

ಷಷ್ಠಿ ಬಿಟ್ಟರೆ ಪದೇಪದೇ ಎದುರಾಗುವ ಬಾಲಗಳು ನಾಲ್ಕೈದೇ. ‘-ವೋರಾ’ ಬಂದರೆ ತಿನ್ನುವುದು (ಅವರೆ, ಅಲಸಂದೆಗೆ ಮುತ್ತುವ ಕರಿ ಹೇನು ಏಫಿಸ್ ಕ್ರ್ಯಾಕ್ಸಿವೋರಾ). ‘-ಫೇಗಾ’ ಬಂದರೂ ತಿನ್ನುವುದೇ, ಆದರೆ ಗ್ರೀಕ್. ‘-ಫೆರಾ’, ‘-ಜೆರಾ’ ಬಂದರೆ ಹೊತ್ತದ್ದು: ತೊಗರಿಯ ಕಾಯಿಕೊರಕ ಹೆಲಿಕೊವರ್ಪಾ ಆರ್ಮಿಜೆರಾ ಆಯುಧ ಹೊತ್ತದ್ದು. ‘-ಎನ್ಸಿಸ್’ ಬಂದರೆ ಒಂದು ಊರಿನದು ಅಥವಾ ದೇಶದ್ದು.

ಪತಂಗಗಳ ಬಾಲದಲ್ಲಿ ಇನ್ನೂ ಒಂದು ಗುಟ್ಟಿದೆ, ಇದನ್ನು ಪಠ್ಯಪುಸ್ತಕಗಳು ಯಾಕೋ ಹೇಳುವುದೇ ಇಲ್ಲ. ಲಿನೇಯಸ್ ಪತಂಗಗಳನ್ನು ಗುಂಪು ಮಾಡಿದಾಗ ಒಂದೊಂದು ಗುಂಪಿನ ಪ್ರಭೇದಕ್ಕೆ ಒಂದೊಂದು ಬಾಲ ಕೊಟ್ಟ. ಬಟ್ಟೆ ತಿನ್ನುವ ನುಸಿಯಂಥ ಪುಟ್ಟ ಪತಂಗಕ್ಕೆ ‘-ಎಲ್ಲಾ’. ಎಲೆ ಸುತ್ತುವ ಟಾರ್ಟ್ರಿಕ್ಸ್ ಗುಂಪಿಗೆ ‘-ಆನಾ’. ಪೈರಾಲಿಸ್ ಗುಂಪಿಗೆ ‘-ಆಲಿಸ್’. ಅಳತೆ ಹಾಕುತ್ತ ನಡೆಯುವ ಹುಳದ ಗುಂಪಿಗೆ ‘-ಆರಿಯಾ’ ಅಥವಾ ‘-ಆಟಾ’, ಮೀಸೆ ಬಾಚಣಿಗೆಯಂತಿದ್ದರೆ ಮೊದಲನೆಯದು, ಇಲ್ಲದಿದ್ದರೆ ಎರಡನೆಯದು. ಆಮೇಲಿನವರು ಬಹುಮಟ್ಟಿಗೆ ಇದನ್ನು ಪಾಲಿಸಿಕೊಂಡು ಬಂದರು. ಕೋಸಿನ ವಜ್ರಬೆನ್ನಿನ ಪತಂಗ ಪ್ಲುಟೆಲ್ಲಾ ಜೈಲೊಸ್ಟೆಲ್ಲಾ, ತೆಂಗಿನ ಕಪ್ಪುತಲೆ ಹುಳ ಒಪಿಸೈನಾ ಅರಿನೊಸೆಲ್ಲಾ, ಹತ್ತಿಯ ಗುಲಾಬಿ ಕಾಯಿಕೊರಕ ಪೆಕ್ಟಿನೊಫೊರಾ ಗಾಸಿಪಿಯೆಲ್ಲಾ. ಮೂರೂ ಸಣ್ಣ ಪತಂಗ, ಮೂರಕ್ಕೂ ‘ಎಲ್ಲಾ’. ಭತ್ತದ ಎಲೆಸುರುಳಿ ಹುಳು ಮೆಡಿನಾಲಿಸ್, ಬದನೆಯ ಕುಡಿ ಮತ್ತು ಕಾಯಿ ಕೊರಕ ಆರ್ಬೊನಾಲಿಸ್: ಪೈರಾಲಿಸ್ ಕಡೆಯವು.

ಈ ಗುಂಪಿನಲ್ಲೇ ನಿಂತು ನೋಡಬೇಕಾದ ಹೆಸರು ಎರಡಿವೆ. ಏಲಕ್ಕಿ, ಶುಂಠಿ, ಹರಳಿನ ಕಾಂಡ ಕಾಯಿಗಳನ್ನು ಕೊರೆಯುವ ಕೊನೊಗೆಥೀಸ್ ಪಂಕ್ಟಿಫೆರಾಲಿಸ್ ಮೊದಲನೆಯದು. ‘ಪಂಕ್ಟುಮ್’ ಚುಕ್ಕಿ, ‘ಫೆರ್’ ಹೊತ್ತ, ‘ಆಲಿಸ್’ ಗುಂಪಿನ ಬಾಲ. ಹಳದಿ ರೆಕ್ಕೆಯ ತುಂಬ ಕರಿಚುಕ್ಕಿ ಇರುವ ಆ ಪತಂಗವನ್ನು ಮಲೆನಾಡಿನ ತೋಟದ ದೀಪದ ಕೆಳಗೆ ಒಮ್ಮೆ ನೋಡಿದರೆ ಹೆಸರು ಮರೆಯುವುದಿಲ್ಲ. ಇನ್ನೊಂದು ಭತ್ತದ ಕೊಳವೆ ಹುಳು, ಪ್ಯಾರಾಪಾಯಿಂಕ್ಸ್ ಸ್ಟ್ಯಾಗ್ನಾಲಿಸ್. ‘ಸ್ಟಾಗ್ನುಮ್’ ಅಂದರೆ ನಿಂತ ನೀರು. ಈ ಮರಿಹುಳು ಎಲೆಯ ತುದಿ ಕತ್ತರಿಸಿ ಕೊಳವೆ ಸುತ್ತಿಕೊಂಡು, ಅದರೊಳಗೆ ನೀರು ಹಿಡಿದಿಟ್ಟುಕೊಂಡು, ಕಿವಿರಿನಿಂದ ಉಸಿರಾಡುತ್ತದೆ. ಗದ್ದೆಯ ನೀರು ಬಸಿದರೆ ಅದರ ಕಥೆ ಮುಗಿಯಿತು. ಹತೋಟಿಗೆ ಎರಡು ಮೂರು ದಿನ ನೀರು ತೆಗೆಯಿರಿ ಎಂದು ಕೃಷಿ ಅಧಿಕಾರಿ ಹೇಳುವ ಸಲಹೆ ಹೆಸರಿನಲ್ಲೇ ಕೂತಿದೆ.

ಇನ್ನು ಲಿಂಗ. ಇಲ್ಲೇ ಹೆಚ್ಚು ಜನ ಮುಗ್ಗರಿಸುವುದು. ಲ್ಯಾಟಿನ್‌ನಲ್ಲಿ ಕುಲನಾಮಕ್ಕೆ ಗಂಡು, ಹೆಣ್ಣು, ನಪುಂಸಕ ಎಂದು ಲಿಂಗವಿದೆ. ಪ್ರಭೇದದ ಹೆಸರು ವಿಶೇಷಣವಾಗಿದ್ದರೆ ಅದು ಕುಲದ ಲಿಂಗಕ್ಕೆ ಹೊಂದಬೇಕು: ‘-ಉಸ್’, ‘-ಆ’, ‘-ಉಮ್’. ಹೇನು ತಿಂದು ರೈತನಿಗೆ ಉಪಕಾರ ಮಾಡುವ ಅಂಕುಡೊಂಕು ಪಟ್ಟಿಯ ಗುಲಗಂಜಿ ಹುಳವನ್ನು ಹಳೆಯ ಕೃಷಿ ಪುಸ್ತಕಗಳು ಮೆನೊಕೈಲಸ್ ಸೆಕ್ಸ್‌ಮ್ಯಾಕುಲೇಟಸ್ ಎಂದು ಬರೆದವು. (ಮುಸಿಮುಸಿ ನಗಬೇಕಿಲ್ಲ, ಅದು ಲ್ಯಾಟಿನ್ನಿನ ಆರು, ನಮ್ಮ ‘ಷಟ್’ನ ದಾಯಾದಿ.) ಅದೇ ಹುಳ ಈಗ ಕೈಲೊಮೀನಿಸ್ ಸೆಕ್ಸ್‌ಮ್ಯಾಕುಲೇಟಾ. ಕುಲ ಗಂಡಿನಿಂದ ಹೆಣ್ಣಾಯಿತು, ಬಾಲವೂ ಬದಲಾಯಿತು. ಪೇರಲದ ಹಣ್ಣುನೊಣ ಡೇಕಸ್ ಕರೆಕ್ಟಸ್ ಇದ್ದದ್ದು ಬ್ಯಾಕ್ಟ್ರೋಸೆರಾ ಕರೆಕ್ಟಾ ಆದದ್ದೂ ಹೀಗೆಯೇ. ಸೋರೆ, ಹೀರೆ ಕಾಯಿಗಳ ಹಣ್ಣುನೊಣ ಮಾತ್ರ ಯಾವ ಕುಲಕ್ಕೆ ಹೋದರೂ ‘ಕುಕರ್ಬಿಟೀ’ ಆಗಿಯೇ ಉಳಿಯಿತು, ಯಾಕೆಂದರೆ ಅದು ವಿಶೇಷಣವಲ್ಲ, ಷಷ್ಠಿ. ಚಿಟ್ಟೆ ಪತಂಗಗಳ ತಜ್ಞರಲ್ಲಿ ಬಹಳಷ್ಟು ಮಂದಿ ಈ ಲಿಂಗದ ನಿಯಮವನ್ನೇ ಕೈಬಿಟ್ಟು ಮೊದಲು ಅಚ್ಚಾದ ಬಾಲವನ್ನೇ ಇಟ್ಟುಕೊಳ್ಳುತ್ತಾರೆ, ಹಾಗಾಗಿ ಒಂದೇ ಪತಂಗ ಎರಡು ಪಟ್ಟಿಗಳಲ್ಲಿ ಎರಡು ಬಾಲದೊಂದಿಗೆ ಸಿಗುವುದುಂಟು.

ಇದರಿಂದ ಹುಡುಕುವವರಿಗೆ ಆಗುವ ತೊಂದರೆ ಸಣ್ಣದಲ್ಲ. ಸೆಕ್ಸ್‌ಮ್ಯಾಕುಲೇಟಾ ಎಂದು ಹುಡುಕಿದವರಿಗೆ ಹಳೆಯ ಲೇಖನಗಳು ಸಿಗುವುದೇ ಇಲ್ಲ. ಬಾಲ ಕತ್ತರಿಸಿ, ‘ಸೆಕ್ಸ್‌ಮ್ಯಾಕುಲೇಟ್’ವರೆಗೆ ಮಾತ್ರ ರೋಮನ್ ಲಿಪಿಯಲ್ಲಿ ಬರೆದು ಮುಂದೆ ನಕ್ಷತ್ರ ಚಿಹ್ನೆ ಹಾಕಿ ಹುಡುಕಿದರೆ ಎರಡೂ ಬರುತ್ತವೆ. ಇನ್ನೊಂದು ಸುಳಿವು ಆವರಣ ಚಿಹ್ನೆ. ಹೆಸರಿನ ಮುಂದೆ ಕರ್ತೃವಿನ ಹೆಸರು, ವರ್ಷ ಆವರಣದೊಳಗೆ ಇದ್ದರೆ, ಅವನು ಹೆಸರಿಟ್ಟಾಗ ಹುಳ ಬೇರೆ ಕುಲದಲ್ಲಿತ್ತು, ಆಮೇಲೆ ಜಾಗ ಬದಲಾಯಿಸಿತು ಎಂದರ್ಥ. ಗುಲಗಂಜಿ ಹುಳದ ಮುಂದೆ (ಫೆಬ್ರೀಷಿಯಸ್, 1781) ಎಂದಿದ್ದರೆ, ಅದಕ್ಕೊಂದು ಹಳೆಯ ಹೆಸರು ಇದ್ದೇ ಇದೆ, ಹುಡುಕಿ. ಹೆಜ್ಜೇನು ಏಪಿಸ್ ಡಾರ್ಸೇಟಾ ಫೆಬ್ರೀಷಿಯಸ್, 1793 ಎಂದು ಆವರಣವಿಲ್ಲದೆ ಬರುತ್ತದೆ. ಅದು ಅಂದಿನಿಂದ ಇಂದಿನವರೆಗೆ ಏಪಿಸ್ ಕುಲದಲ್ಲೇ ಇದೆ. ವರದಿ ಬರೆಯುವವರು ಚೆಂದಕ್ಕೆ ಆವರಣ ಹಾಕುವುದು, ಜಾಗ ಉಳಿಸಲು ತೆಗೆಯುವುದು ಎರಡೂ ತಪ್ಪು.

ಗುಲಗಂಜಿ ಹುಳದ ಮಾತು ಬಂದದ್ದರಿಂದ ಅದರ ಕಳ್ಳ ನೆಂಟನ ವಿಷಯವನ್ನೂ ಮುಗಿಸಿಬಿಡೋಣ. ಬದನೆ ಎಲೆಯನ್ನು ಕೆರೆದು ಜಾಲರಿ ಮಾಡುವ ದುಂಬಿಯ ಹೆಸರು ಹೆನೊಸೆಪಿಲ್ಯಾಕ್ನಾ ವಿಗಿಂಟಿಆಕ್ಟೊಪಂಕ್ಟೇಟಾ. ಉಸಿರು ಬಿಗಿಹಿಡಿದು ಹೇಳಬೇಕಾದ ಈ ಹೆಸರು ನಮಗೆ ಕಷ್ಟವಾಗಬಾರದು: ‘ವಿಗಿಂಟಿ’ ನಮ್ಮ ವಿಂಶತಿ, ‘ಆಕ್ಟೊ’ ನಮ್ಮ ಅಷ್ಟ, ಇಪ್ಪತ್ತೆಂಟು ಚುಕ್ಕಿಯದು. ಆದರೆ ಚುಕ್ಕಿ ಎಣಿಸಿ ತೀರ್ಮಾನ ಮಾಡಲು ಹೋದರೆ ಕೆಡುತ್ತೀರಿ. ಚುಕ್ಕಿಯ ಸಂಖ್ಯೆ ದುಂಬಿಯಿಂದ ದುಂಬಿಗೆ ಬದಲಾಗುತ್ತದೆ, ಇಪ್ಪತ್ತೆಂಟಕ್ಕಿಂತ ಕಡಿಮೆ ಇರುವುದು ಮಾಮೂಲು. ಆರು ಚುಕ್ಕಿಯದೆಂದು ಹೆಸರಾದ ಗುಲಗಂಜಿ ಹುಳಕ್ಕೂ ಬಹಳ ಸಲ ಚುಕ್ಕಿಗಳ ಬದಲು ಪಟ್ಟಿಗಳೇ ಇರುತ್ತವೆ. ನೋಡಬೇಕಾದದ್ದು ಬೆನ್ನಿನ ಹೊಳಪು. ಹೇನು ತಿನ್ನುವ ಉಪಕಾರಿಯ ಬೆನ್ನು ನುಣುಪಾಗಿ ಮಿರುಗುತ್ತದೆ, ಎಲೆ ತಿನ್ನುವುದರ ಬೆನ್ನಿನ ಮೇಲೆ ಸಣ್ಣ ರೋಮವಿದ್ದು ಮಂಕಾಗಿ ಕಾಣುತ್ತದೆ. ಎಲೆ ತಿನ್ನುವುದರ ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು. ಇದು ಗೊತ್ತಿಲ್ಲದೆ ಎರಡಕ್ಕೂ ಒಟ್ಟಿಗೆ ಔಷಧಿ ಹೊಡೆದರೆ ಹೋಗುವುದು ಉಪಕಾರಿ ಹುಳ, ಮುಂದಿನ ವಾರ ಬರುವುದು ಹೇನು.

ಹೆಸರನ್ನು ಓದಬೇಕು, ನಂಬಬಾರದು ಎಂದದ್ದು ಇದಕ್ಕೇ. ಕೊಡಗು, ಚಿಕ್ಕಮಗಳೂರಿನ ಅರೇಬಿಕಾ ತೋಟಗಳನ್ನು ಕಾಡುವ ಬಿಳಿ ಕಾಂಡಕೊರಕದ ಹೆಸರು ಜೈಲೊಟ್ರೆಕಸ್ ಕ್ವಾಡ್ರಿಪಿಸ್. ‘ಕ್ವಾಡ್ರಿಪಿಸ್’ ಅಂದರೆ ನಾಲ್ಕು ಕಾಲಿನದು. ದುಂಬಿಗೆ ಇರುವುದು ಆರು ಕಾಲು, ಎಲ್ಲ ಕೀಟಗಳಿಗೂ ಇರುವ ಹಾಗೆ. ಹೆಸರು ತಪ್ಪೆಂದು ಈಗ ತಿದ್ದುವಂತಿಲ್ಲ. ಹಾಗೆ ತಿದ್ದಲು ಹೊರಟು ಸೋತವನು ಸ್ವತಃ ಲಿನೇಯಸ್. ಯುರೋಪಿನ ಜೇನಿಗೆ 1758ರಲ್ಲಿ ಅವನು ಇಟ್ಟದ್ದು ಏಪಿಸ್ ಮೆಲಿಫೆರಾ, ಜೇನು ಹೊತ್ತದ್ದು. ಆಮೇಲೆ ಹೊಳೆಯಿತು: ಹುಳ ಹೊತ್ತು ತರುವುದು ಮಕರಂದ, ಜೇನು ಆಗುವುದು ಗೂಡಿನಲ್ಲಿ. 1761ರಲ್ಲಿ ಮೆಲಿಫಿಕಾ, ಜೇನು ಮಾಡುವುದು, ಎಂದು ಬದಲಿಸಿದ. ಮೊದಲು ಅಚ್ಚಾದದ್ದೇ ನಿಲ್ಲಬೇಕು ಎಂಬ ನಿಯಮದ ಮುಂದೆ ಅವನ ತಿದ್ದುಪಡಿಯೂ ನಿಲ್ಲಲಿಲ್ಲ. ಹಳೆಯ ಪುಸ್ತಕಗಳಲ್ಲಿ ಮೆಲಿಫಿಕಾ ಕಂಡರೆ ಅದು ಬೇರೆ ಜೇನಲ್ಲ.

ಊರಿನ ಹೆಸರುಗಳಂತೂ ಇನ್ನೂ ಮೋಸ. ಬಚ್ಚಲ ಮನೆಯ ದೊಡ್ಡ ಜಿರಳೆ ಪೆರಿಪ್ಲಾನೆಟಾ ಅಮೆರಿಕಾನಾ, ಅದರ ಮೂಲ ಆಫ್ರಿಕಾ. ಅಡುಗೆಮನೆಯ ಸಣ್ಣ ಜಿರಳೆ ಬ್ಲಾಟೆಲ್ಲಾ ಜರ್ಮಾನಿಕಾ. ಅದು ಹುಟ್ಟಿದ್ದು ಜರ್ಮನಿಯಲ್ಲಲ್ಲ, ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆ ಎಂದು 2024ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು. ನಮ್ಮ ಮನೆಯ ಹುಳಕ್ಕೆ ಅವರ ಊರಿನ ಹೆಸರು! ಮಲೆನಾಡಿನವರು ಚಟ್ನಿ ಅರೆಯುವ ಚಗಳಿ ಇರುವೆ ಈಕೊಫಿಲ್ಲಾ ಸ್ಮರಗ್ಡಿನಾ. ಮೊದಲ ಪದ ಎಲೆಮನೆ, ಎಷ್ಟು ಸರಿ! ಎರಡನೆಯದು ಪಚ್ಚೆಬಣ್ಣದ್ದು. ‘ಸ್ಮರಗ್ಡುಸ್’ ಮತ್ತು ನಮ್ಮ ‘ಮರಕತ’ ಒಂದೇ ರತ್ನದ ಒಂದೇ ಮೂಲದ ಹೆಸರು. ಆದರೆ ನಮ್ಮ ಚಗಳಿ ಕೆಂಪಗೆ ತುಕ್ಕಿನ ಬಣ್ಣಕ್ಕಿರುತ್ತದೆ. ಹಸಿರು ಕಾಣಬೇಕಾದರೆ ರಾಣಿಯನ್ನು ನೋಡಬೇಕು, ಇಲ್ಲವೇ ಆಸ್ಟ್ರೇಲಿಯಾಕ್ಕೆ ಹೋಗಬೇಕು.

ಚಿಟ್ಟೆಗಳಿಗೆ ಹೆಸರಿಡುವಾಗ ಲಿನೇಯಸ್‌ಗೆ ವಿವರಣೆಯ ಪದಗಳೇ ಸಾಲದೆ ಹೋದವು. ಆಗ ಅವನು ಗ್ರೀಕ್ ಪುರಾಣದ ಟ್ರಾಯ್ ಯುದ್ಧದ ಎರಡು ಪಾಳಯಗಳನ್ನು ಕರೆತಂದ. ಬಾಲದ ಚಿಟ್ಟೆಗಳಲ್ಲಿ ಎದೆಯ ಬಳಿ ರಕ್ತಗೆಂಪು ಇದ್ದವು ಟ್ರಾಯ್ ಕಡೆಯವು, ಇಲ್ಲದವು ಗ್ರೀಕರ ಕಡೆಯವು. ನಮ್ಮ ಊರುಗಳಲ್ಲಿ ಈಶ್ವರಿ ಬಳ್ಳಿಯ ಸುತ್ತ ಹಾರುವ ಕೆಂಪು ಮೈಯ ಚಿಟ್ಟೆ ಪ್ಯಾಕ್ಲಿಯಾಪ್ಟಾ ಹೆಕ್ಟರ್, ಟ್ರಾಯ್‌ನ ವೀರನೇ. ಅದರ ಮೈಯಲ್ಲಿ ವಿಷ, ಹಕ್ಕಿಗಳು ಮುಟ್ಟುವುದಿಲ್ಲ. ಆ ಧೈರ್ಯದಲ್ಲಿ ಪ್ಯಾಪಿಲಿಯೊ ಪಾಲಿಟಿಸ್ ಎಂಬ ಇನ್ನೊಂದು ಚಿಟ್ಟೆಯ ಕೆಲವು ಹೆಣ್ಣುಗಳು ಅದರದೇ ವೇಷ ಹಾಕುತ್ತವೆ, ಆ ವೇಷದ ಹೆಸರು ರೊಮುಲಸ್. ರೆಕ್ಕೆ ನೋಡಿ ಬೇರೆ ಮಾಡುವುದು ಕಷ್ಟ, ಮೈ ನೋಡಿದರೆ ಸುಲಭ. ಹೆಕ್ಟರ್‌ನ ಮೈ ಕೆಂಪು, ವೇಷಧಾರಿಯದು ಕಪ್ಪು.

ಹುಳದ ಮೈಯ ಭಾಗಗಳ ಹೆಸರಲ್ಲಿ ಇಷ್ಟು ತಲೆಹರಟೆ ಇಲ್ಲ. ಅವೆಲ್ಲ ಮನೆಬಳಕೆಯ ಮಾತುಗಳು. ‘ಲಾರ್ವಾ’ ಅಂದರೆ ರೋಮನರಿಗೆ ದೆವ್ವ, ಮುಖವಾಡ; ನಿಜರೂಪ ಮುಚ್ಚಿಟ್ಟದ್ದು ಎಂಬ ಅರ್ಥದಲ್ಲಿ ಲಿನೇಯಸ್ ಅದನ್ನು ಮರಿಹುಳಕ್ಕೆ ಕೊಟ್ಟ. ಮುಖವಾಡ ಕಳಚಿ ಹೊರಬರುವುದು ‘ಇಮಾಗೊ’, ನಿಜವಾದ ಬಿಂಬ. ನಡುವಿನದು ‘ಪುಪಾ’, ಗೊಂಬೆ. ಗೂಡಿನಿಂದ ತೆಗೆದ ಕೋಶವನ್ನು ಅಂಗೈಲಿಟ್ಟು ನೋಡಿ, ಬಟ್ಟೆ ಸುತ್ತಿದ ಕೂಸಿನ ಹಾಗೆ ಕಣ್ಣು, ಮೀಸೆ, ರೆಕ್ಕೆಯ ಮಡಿಕೆ ಎಲ್ಲ ಹೊರಗಿನಿಂದಲೇ ಗುರುತು ಸಿಗುತ್ತವೆ. ಕಣ್ಣಿನ ‘ಪ್ಯೂಪಿಲ್’ ಕೂಡ ಇದೇ ಗೊಂಬೆಯ ಪುಟ್ಟ ರೂಪ. ಎದುರಿನವರ ಕಣ್ಣಲ್ಲಿ ಕಾಣುವ ನಮ್ಮ ಸಣ್ಣ ಆಕೃತಿ. ಕನ್ನಡದ ‘ಕಣ್ಣುಪಾಪೆ’ಯಲ್ಲೂ ಪಾಪೆ ಅಂದರೆ ಗೊಂಬೆಯೇ. ಎರಡು ಭಾಷೆಗಳು ಬೇರೆಬೇರೆಯಾಗಿ ಒಂದೇ ಕಡೆ ಬಂದು ನಿಂತಿವೆ.

ಎರಡು ಪೊರೆ ಕಳಚುವಿಕೆಗಳ ನಡುವಿನ ಅವಧಿಗೆ ‘ಇನ್‌ಸ್ಟಾರ್’. ರೇಷ್ಮೆಹುಳಕ್ಕೆ ಐದು ಇನ್‌ಸ್ಟಾರ್, ನಾಲ್ಕು ಪೊರೆ ಬಿಡುವಿಕೆ. ಸಾಕಣೆದಾರರ ಮಾತಲ್ಲಿ ಅದು ಜ್ವರ: ಒಂದನೇ ಜ್ವರ, ಎರಡನೇ ಜ್ವರ. ತಲೆ ಎತ್ತಿ ಅಲುಗಾಡದೆ ಕೂತ ಹುಳ ಜ್ವರಕ್ಕೆ ಕೂತಿದೆ ಎಂದರೆ ಸೊಪ್ಪು ನಿಲ್ಲಿಸಬೇಕು, ಹಾಸಿಗೆ ಒಣಗಿರಬೇಕು. ಎಲ್ಲ ಹುಳ ಏಳುವ ಮೊದಲೇ ಸೊಪ್ಪು ಕೊಟ್ಟರೆ ಮೊದಲು ಎದ್ದವು ಮುಂದೆ ಹೋಗಿ, ಕಡೆಗೆ ಹಣ್ಣಾಗುವುದೂ (ಗೂಡು ಕಟ್ಟಲು ಸಿದ್ಧವಾಗುವುದೂ) ಹಿಂದುಮುಂದಾಗುತ್ತದೆ. ಪುಸ್ತಕದ ‘ಮೂರನೇ ಇನ್‌ಸ್ಟಾರ್’ ಎಂದರೆ ಎರಡನೇ ಜ್ವರ ಎದ್ದ ಮೇಲಿನದು. ಈ ಒಂದರ ವ್ಯತ್ಯಾಸ ಮರೆತರೆ ಔಷಧಿ ಪುಡಿ ಹಾಕುವ ದಿನ ತಪ್ಪುತ್ತದೆ.

‘ಆಂಟೆನಾ’ ಹಡಗಿನಿಂದ ಬಂತು. ಅರಿಸ್ಟಾಟಲ್ ಹುಳದ ಮೀಸೆಗೆ ಕೊಂಬು ಎಂಬರ್ಥದ ಗ್ರೀಕ್ ಪದ ಬಳಸಿದ್ದ. ಅದೇ ಪದಕ್ಕೆ ಹಾಯಿ ಕಟ್ಟುವ ಅಡ್ಡಮರ ಎಂಬ ಅರ್ಥವೂ ಇತ್ತು. 15ನೇ ಶತಮಾನದಲ್ಲಿ ಅವನ ಬರಹವನ್ನು ಲ್ಯಾಟಿನ್‌ಗೆ ತಂದ ಥಿಯೊಡೊರ್ ಗಾಜಾ ಅಡ್ಡಮರವನ್ನೇ ಹಿಡಿದು ‘ಆಂಟೆನ್ನಾ’ ಎಂದ. ಮನೆಯ ಮಾಳಿಗೆಯ ಟಿವಿ ಆಂಟೆನಾ ಕೂಡ ಅದೇ ಪದ.

ಹುಳದಿಂದ ಹೊರಟು ಬೇರೆ ಕಡೆ ಸೇರಿದ ಪದಗಳು ಬೇಕಾದಷ್ಟು. ‘ಪಾಪಿಲಿಯೊ’ ಚಿಟ್ಟೆ, ರೆಕ್ಕೆ ಬಿಚ್ಚಿದಂತೆ ಕಾಣುವ ಡೇರೆ ಫ್ರೆಂಚಿನಲ್ಲಿ ‘ಪವಿಲಿಯಾಂ’, ಕ್ರಿಕೆಟಿನ ಪೆವಿಲಿಯನ್ ಅದೇ. ‘ಮುಸ್ಕಾ’ದಿಂದ ಸ್ಪ್ಯಾನಿಷ್‌ನ ‘ಮೊಸ್ಕಾ’, ಪುಟ್ಟ ನೊಣ ‘ಮೊಸ್ಕಿಟೊ’. ‘ವೆಸ್ಪಾ’ ಕಣಜ, 1946ರಲ್ಲಿ ಇಟಲಿಯ ಸ್ಕೂಟರ್. ಆದರೆ ಕೈಗೆ ತಾಗುವಷ್ಟು ಹತ್ತಿರದ್ದು ‘ಫೋರ್ಮೀಕಾ’. ಇಂಗ್ಲೆಂಡಿನ ಜಾನ್ ರೇ 1671ರ ಹೊತ್ತಿಗೆ ಇರುವೆಗಳನ್ನು ಭಟ್ಟಿ ಇಳಿಸಿ ಬಂದ ಹುಳಿಯ ವಿಷಯ ಬರೆದ, ಅದೇ ಫಾರ್ಮಿಕ್ ಆಸಿಡ್. ಸುಳ್ಯ, ಬೆಳ್ತಂಗಡಿ ಕಡೆ ರಬ್ಬರ್ ಹಾಲನ್ನು ತೆಳುಮಾಡಿ ಟ್ರೇಗಳಲ್ಲಿ ಹೆಪ್ಪುಗಟ್ಟಿಸಲು ಹಾಕುವುದು ಇದನ್ನೇ. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್ಡಿಗಲ್ಲ. ಚಗಳಿ ಚಟ್ನಿಯ ಹುಳಿಯೂ ಇದೇ ಆಸಿಡ್. ಲ್ಯಾಬಿನ ಫಾರ್ಮಾಲಿನ್, ಹಳೆಯ ಕಾಲದ ಕ್ಲೋರೊಫಾರ್ಮ್ ಎರಡರಲ್ಲೂ ಇರುವೆ ಅಡಗಿದೆ. ಇಲ್ಲೊಂದು ತಪ್ಪು ತಿಳಿವಳಿಕೆ ಬೇರೂರಿದೆ: ಕಚ್ಚುವ ಹುಳಗಳೆಲ್ಲ ಫಾರ್ಮಿಕ್ ಆಸಿಡ್ ಬಿಡುತ್ತವೆ, ಸೋಡಾ ಪುಡಿ ಹಚ್ಚಿದರೆ ಆಯಿತು ಅನ್ನುವುದು. ಬೆಂಕಿ ಇರುವೆಯ ವಿಷದಲ್ಲಿ ಬಹುಪಾಲು ಆಲ್ಕಲಾಯ್ಡ್. ಜೇನಿನ ವಿಷದಲ್ಲಿ ಮುಖ್ಯವಾದದ್ದು ಮೆಲಿಟಿನ್ ಎಂಬ ಪೆಪ್ಟೈಡ್, ಅದಕ್ಕೆ ಸೋಡಾ ಏನೂ ಮಾಡದು. ಮೊದಲು ಮುಳ್ಳು ತೆಗೆಯಬೇಕು, ತಡಮಾಡದೆ. ಅಂದ ಹಾಗೆ ಮೇಜಿನ ಮೇಲೆ ಅಂಟಿಸುವ ಫಾರ್ಮಿಕಾ ಹಾಳೆಗೂ ಇರುವೆಗೂ ಏನೇನೂ ಸಂಬಂಧವಿಲ್ಲ. ಅಭ್ರಕದ, ಅಂದರೆ ಮೈಕಾದ, ಬದಲಿಗೆ ಬಳಸುವುದು, ‘ಫಾರ್ ಮೈಕಾ’ ಎಂದು ಹುಟ್ಟಿದ ಹೆಸರದು.

ಉಚ್ಚಾರಣೆಯ ಜಗಳಕ್ಕೆ ಕೊನೆಯಿಲ್ಲ. ಜೀರುಂಡೆ ‘ಸಿಕಾಡಾ’ವೋ ‘ಕಿಕಾಡಾ’ವೋ? ಹಳೆಯ ರೋಮನರು ‘ಕ’ ಅಂದರು, ಇಂಗ್ಲಿಷ್ ಶಾಲೆ ‘ಸ’ ಕಲಿಸಿತು. ಎರಡೂ ನಡೆಯುತ್ತದೆ, ಒಂದೇ ಬರಹದಲ್ಲಿ ಬೆರಸಬಾರದು ಅಷ್ಟೆ. ಡೆಂಗಿಯ ಸೊಳ್ಳೆಯನ್ನು ಪತ್ರಿಕೆಗಳು ‘ಈಡಿಸ್’ ಅನ್ನುತ್ತವೆ. 1818ರಲ್ಲಿ ಮೈಗೆನ್ ಎಂಬ ಕೀಟತಜ್ಞ ಹೆಸರಿಟ್ಟಾಗ ಮೊದಲೆರಡು ಸ್ವರಗಳನ್ನು ಬಿಡಿಸಿ ಓದಬೇಕೆಂದು ಎರಡನೆಯದರ ಮೇಲೆ ಎರಡು ಚುಕ್ಕಿ ಇಟ್ಟಿದ್ದ. ಗ್ರೀಕಿನಲ್ಲಿ ಅದು ‘ಅ-ಏಡೀಸ್’, ಅಹಿತವಾದದ್ದು. ಹ್ರಸ್ವ ದೀರ್ಘ, ಒತ್ತಕ್ಷರ ಎಲ್ಲ ಇರುವ ನಮ್ಮ ಲಿಪಿಯಲ್ಲಿ ‘ಫೋರ್ಮೀಕಾ’, ‘ಆಂಟೆನ್ನಾ’ಗಳನ್ನು ರೋಮನ್ ಲಿಪಿಗಿಂತ ನಿಖರವಾಗಿ ಬರೆಯಬಹುದು. ಆದರೂ ದಾಖಲೆಗೆ, ಮಾದರಿ ಹುಳದ ಚೀಟಿಗೆ ರೋಮನ್ ಲಿಪಿಯನ್ನೂ ಜೊತೆಗಿಡಿ. ನಾಳೆ ಹುಡುಕುವವರು ಹುಡುಕುವುದು ಅದರಲ್ಲೇ.

ಹೋದ ಪದಗಳ ಹಾಗೆ ಬಂದ ಪದಗಳೂ ಇವೆ. ಇಂಗ್ಲಿಷಿನ ‘ಕ್ರಿಮ್ಸನ್’ ಅರಬ್ಬಿಯ ‘ಕಿರ್ಮಿಜ್’ನಿಂದ, ಅದರ ಹಿಂದೆ ನಮಗೆ ಪರಿಚಯದ ‘ಕೃಮಿ’. ಹುಳದಿಂದ ತೆಗೆದ ಕೆಂಪು. ಸಂಸ್ಕೃತದ ‘ಲಾಕ್ಷಾ’, ನಮ್ಮ ಅರಗು, ಮಧ್ಯಕಾಲದ ಲ್ಯಾಟಿನ್‌ನಲ್ಲಿ ‘ಲಕ್ಕಾ’ ಆಯಿತು. ‘ಲ್ಯಾಕರ್’, ‘ಶೆಲ್ಯಾಕ್’ ಅದರ ಮಕ್ಕಳು. ಪಾಂಡವರಿಗೆ ಮನೆ ಕಟ್ಟಿಸಿದ ಅದೇ ಅರಗನ್ನು ಚನ್ನಪಟ್ಟಣದಲ್ಲಿ ಬಣ್ಣ ಬೆರೆಸಿ ಕಡ್ಡಿ ಮಾಡಿ, ಲೇತ್ ಯಂತ್ರದಲ್ಲಿ ತಿರುಗುವ ಮರದ ಗೊಂಬೆಗೆ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಹತ್ತುತ್ತದೆ, ಮೇಲೆ ಗರಿ ಒತ್ತಿದರೆ ಹೊಳಪು. ಆ ಅರಗು ಸುರಿಸುವ ಪುಟ್ಟ ಹುಳಕ್ಕೆ 1782ರಲ್ಲಿ ಜೇಮ್ಸ್ ಕೆರ್ ‘ಲಕ್ಕಾ’ ಎಂದೇ ಹೆಸರಿಟ್ಟ, ಅದು ಇವತ್ತಿಗೂ ಬದಲಾಗಿಲ್ಲ. ಬದಲಾದದ್ದೆಲ್ಲ ಕುಲ. ಹಳೆಯ ಲೇಖನಗಳಲ್ಲಿ ಅದು ಟಕಾರ್ಡಿಯಾ ಲಕ್ಕಾ, ನಮ್ಮ ಕಾಲೇಜು ಪುಸ್ತಕಗಳಲ್ಲಿ ಲ್ಯಾಕ್ಸಿಫರ್ ಲಕ್ಕಾ, ಈಗ ಕೆರ್‌ನ ಹೆಸರಿನಲ್ಲೇ ಕೆರ್ರಿಯಾ ಲಕ್ಕಾ. ಅರಗಿನ ಹುಳದ ಮೇಲೆ ಓದಲು ಹೊರಟವರು ಮೂರೂ ಹೆಸರಲ್ಲಿ ಹುಡುಕಬೇಕು. ಕೆರ್ರಿಯಾ ಎಂದು ಮಾತ್ರ ಹುಡುಕಿದರೆ ಅದೇ ಹೆಸರಿನ ಹಳದಿ ಹೂವಿನ ಜಪಾನಿ ಗಿಡವೊಂದು ಮೊದಲು ಎದುರಾಗುತ್ತದೆ. ಗಿಡಗಳ ಹೆಸರಿಗೂ ಪ್ರಾಣಿಗಳ ಹೆಸರಿಗೂ ನಿಯಮಾವಳಿ ಬೇರೆ ಬೇರೆ ಆದ್ದರಿಂದ ಒಂದೇ ಕುಲನಾಮ ಎರಡು ಕಡೆ ಇರಬಹುದು.